ಬಂಡೆವೀರನ ಅಪ್ಪ

ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಮುತ್ಯಾಲಮ್ಮನೇ ಬಂಡೆವೀರನನ್ನು ಹುಟ್ಟಿಸಿದವಳು ಎಂಬುದು ಊರಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಬೆಂಗಳೂರಿನ ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಬರುತ್ತಿದ್ದ ಆ ಚಿತ್ರಕತೆಯ ಕೆಳಗೆ ‘ಮುತ್ತು’ ಅಂತ ಮಾತ್ರ ಇರುತ್ತಿತ್ತು. ಮುತ್ತು ಎಂದರೆ ಯಾರೋ ಮೀಸೆ ಹೊತ್ತ ಗಂಡಸು ಅಂತ ಮಕ್ಕಳು ತಿಳಿದಿದ್ದರು. ಅವಳ ತರಗತಿಯವರೇ ಬೆಂಚಿನ ಕೆಳಗೆ ಪತ್ರಿಕೆ ಬಚ್ಚಿಟ್ಟುಕೊಂಡು ಓದುತ್ತಾ ಸಿಕ್ಕಿಬಿದ್ದರೆ, ಕಿತ್ತುಕೊಂಡು ಗದರಿ, ಒಳಗೊಳಗೇ ಹಿಗ್ಗುತ್ತಿದ್ದಳು. ಇದು ೧೯೯೦ರ ಮಾತು. ಅವಳಿಗಾಗ ಮೂವತ್ತು ಹತ್ತಿರ. ಮದುವೆ ಬೇಡವೆಂದು ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದಳು.

ಮೊದಮೊದಲು ಬಂಡೆವೀರನಿಗೆ ಅಪ್ಪನೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ಮೈ ಕಲ್ಲಾಗುವ ಒಬ್ಬ ಹುಡುಗ, ಅಷ್ಟೆ. ಎಲ್ಲಿ ಮಕ್ಕಳ ಮೇಲೆ ಯಾರು ಕೈಯೆತ್ತಿದರೂ ಅಲ್ಲಿ ಅಡ್ಡ ನಿಲ್ಲುತ್ತಿದ್ದ. ಹೊಡೆದವನ ಕೈಯೇ ಮುರಿಯುತ್ತಿತ್ತು. ಕೆಲವು ವರ್ಷ ಹೀಗೇ ನಡೆದ ಮೇಲೆ, ಆ ತೊಂಬತ್ತರಲ್ಲಿ, ಸಂಪಾದಕ ಶ್ರೀನಿವಾಸಪ್ಪನವರು, “ಈ ಹುಡುಗನಿಗೆ ಒಂದು ಬಾಲ್ಯ ಕೊಡಿ ಮುತ್ಯಾಲಮ್ಮ. ಅವನಿಗೆ ಯಾಕೆ ಅಷ್ಟು ಸಿಟ್ಟು, ಮೈ ಯಾಕೆ ಕಲ್ಲಾಯ್ತು ಅಂತ ಮಕ್ಕಳು ಕೇಳ್ತಾನೇ ಇದಾರೆ” ಎಂದರು.

ಅವಳು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಮನೆಗೆ ಬಂದು ಹಾಳೆ ಹರಡಿ ಕೂತಳು; ಪೆನ್ಸಿಲು ಮನೆದಾರಿ ಗೊತ್ತಿರುವ ಎತ್ತಿನ ಹಾಗೆ ತಾನೇ ನಡೆಯಿತು. ಯುದ್ಧದಿಂದ ತಲೆ ಕೆಟ್ಟು ಬಂದ ಒಬ್ಬ ಅಪ್ಪ. ಮನೆಯ ಹಿಂದೆ ಒಂದು ಗುಂಡಿ. ಗಣಿಯ ಆಳದಲ್ಲಿ ಬಂಡೆ ಸಿಡಿದು ನೆಲ ಅದುರಿದಾಗಲೆಲ್ಲ ಮಗನನ್ನು ಎಳೆದುಕೊಂಡು ಹೋಗಿ ಗುಂಡಿಗೆ ತಳ್ಳಿ, “ತಲೆ ತಗ್ಸು! ತಲೆ ತಗ್ಸ್ಲಾ!” ಎಂದು ಅಬ್ಬರಿಸಿ ಹೊಡೆಯುತ್ತಿದ್ದ. ಏಟು ಬಿದ್ದಲ್ಲೆಲ್ಲ ಹುಡುಗನ ಮೈ ಕಲ್ಲಾಗುತ್ತಾ ಬಂದು, ಒಂದು ದಿನ ಪೂರ್ತಿ ಕಲ್ಲಾಗಿ ಅವನು ಎದ್ದು ನಿಂತ. ಆ ಅಪ್ಪನಿಗೆ ‘ಗುಡುಗಪ್ಪ’ ಎಂದು ಹೆಸರಿಟ್ಟವರು ಶ್ರೀನಿವಾಸಪ್ಪನವರು. ಉಬ್ಬುಗಣ್ಣು, ಕೋರೆಹಲ್ಲು, ಮೊಣಕಾಲು ಮುಟ್ಟುವ ಹಸಿರು ಮಿಲಿಟರಿ ಕೋಟು ಕೊಟ್ಟವಳು ಮುತ್ಯಾಲಮ್ಮ.

ಆ ಕೋಟು ಅವಳ ಅಪ್ಪ ಮುನಿಸ್ವಾಮಪ್ಪನದು.

ಮುನಿಸ್ವಾಮಪ್ಪ ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದ. ಅದಕ್ಕೆ ಮುಂಚೆ ರಜೆಗೆ ಬಂದರೆ ಹೆಗಲ ಮೇಲೆ ಮಗಳನ್ನು ಕೂರಿಸಿಕೊಂಡು ರಾಗಿ ಹೊಲ ಸುತ್ತಿಸುತ್ತಿದ್ದ ಮನುಷ್ಯ. ಯುದ್ಧ ಮುಗಿದ ಮರುವರ್ಷ ಪಟಾಲಂ ಬಿಟ್ಟು ಬಂದವನು ಬೇರೆಯೇ ಆಗಿದ್ದ. ಮಾತು ಕಮ್ಮಿ. ತಟ್ಟೆ ಬಿದ್ದರೂ ಎಗರಿ ಬೀಳುತ್ತಿದ್ದ. ಅವನಿಗೆ ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ಕಾವಲು ಕೆಲಸ ಸಿಕ್ಕಿತು, ಇರಲಿಕ್ಕೆ ಕೆಲಸಗಾರರ ಸಾಲಿನಲ್ಲಿ ಒಂದು ಲೈನು ಮನೆಯೂ ಸಿಕ್ಕಿತು. ಅದುವರೆಗೆ ಹೆಂಡತಿ ಮುನಿನಾರಾಯಣಮ್ಮ ಇಬ್ಬರು ಮಕ್ಕಳ ಜೊತೆ ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ತಾಯಿಯ ಮನೆಯಲ್ಲಿದ್ದಳು. ಈಗ ಗಂಡನಿದ್ದಲ್ಲಿಗೆ ಹೊರಟಾಗ ಅಜ್ಜಿ ಅಕ್ಕಯ್ಯಮ್ಮ, “ಎಣ್ಣು ಮಗ ಚೆನ್ನಾಗಿ ಓದ್ತೈತೆ. ಇಲ್ಲೇ ಬುಟ್ಟೋಗು. ಹುಡುಗ್ನ ಕರ್ಕೊಂಡೋಗು” ಎಂದಳು. ಹಾಗೆ ಮುತ್ಯಾಲಮ್ಮ ಉಳಿದಳು. ಐದು ವರ್ಷ ಚಿಕ್ಕವನಾದ ತಮ್ಮ ಸೀನಪ್ಪ ಹೋದ.

ಗುಂಡು ಬಾಂಬುಗಳಿಂದ ಜೀವ ಉಳಿಸಿಕೊಂಡು ಬಂದವನನ್ನು ದೇವರು ಎಂಥ ಜಾಗದಲ್ಲಿ ತಂದು ಕೂರಿಸಿದ ಅಂದರೆ, ಅಲ್ಲಿ ಕಾಲಡಿಯ ನೆಲವೇ ಸಿಡಿಯುತ್ತಿತ್ತು. ಅಷ್ಟು ಆಳ ಕೊರೆದ ಗಣಿ. ಒಳಗೆ ಯಾವಾಗಲಾದರೊಮ್ಮೆ ಬಂಡೆ ಬಿರಿದರೆ ಮೇಲಿನ ಮನೆಗಳು ಗಡಗಡ ಅನ್ನುತ್ತಿದ್ದವು. ಲೈನಿನ ಹೆಂಗಸರು ಬೀಳುವ ಪಾತ್ರೆ ಹಿಡಿದುಕೊಂಡು, ಈಗ ಯಾರ ಮನೆಯವರು ಕೆಳಗೆ ಇಳಿದಿದ್ದಾರೆ ಎಂದು ತಮಿಳಿನಲ್ಲಿ ಒಬ್ಬರನ್ನೊಬ್ಬರು ಕೇಳಿ ಮತ್ತೆ ಒಲೆಯ ಮುಂದೆ ಕೂರುತ್ತಿದ್ದರು. ಮುನಿಸ್ವಾಮಪ್ಪನಿಗೆ ಅದು ಸಾಧ್ಯವಾಗಲಿಲ್ಲ. ಬಂದ ತಿಂಗಳಲ್ಲೇ ಮನೆಯ ಹಿಂದಿನ ಹೊಂಗೆ ಮರದ ಬುಡದಲ್ಲಿ ಗುಂಡಿ ತೋಡಿದ.

ಅಲ್ಲಿ ನಡೆಯುತ್ತಿದ್ದದ್ದನ್ನು ಮುತ್ಯಾಲಮ್ಮ ಕಂಡದ್ದು ಒಂದೇ ಸಲ, ಎಪ್ಪತ್ತನಾಲ್ಕರ ದಸರಾ ರಜೆಯಲ್ಲಿ. ಅವಳಿಗೆ ಹನ್ನೆರಡು, ಸೀನನಿಗೆ ಏಳು. ಮಧ್ಯಾಹ್ನ ನೆಲ ಗುಡುಗಿತು. ಚಾಪೆಯ ಮೇಲೆ ಮಲಗಿದ್ದ ಅಪ್ಪ ಒಂದೇ ನೆಗೆತಕ್ಕೆ ಎದ್ದು, ಗೋಲಿ ಆಡುತ್ತಿದ್ದ ಸೀನನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ. ಅವಳು ಹಿಂದೆಯೇ ಓಡಿ ಹಿತ್ತಲ ಬಾಗಿಲಲ್ಲಿ ನಿಂತಳು. ಸೀನ ಗುಂಡಿಯಲ್ಲಿ ಬೋರಲಾಗಿ ಬಿದ್ದಿದ್ದ. ಅವನ ಬೆನ್ನ ಮೇಲೆ ಅಪ್ಪನ ಮೊಣಕಾಲು. ಹುಡುಗ ಉಸಿರಿಗೆ ಒದ್ದಾಡಿ ತಲೆ ಎತ್ತಿದಾಗಲೆಲ್ಲ ತಲೆಗೇ ಏಟು. “ತಲೆ ತಗ್ಸು! ತಲೆ ತಗ್ಸ್ಲಾ!” ಸೀನನ ಬಾಯಿ ತುಂಬ ಮಣ್ಣು. ಅವನು ಅಕ್ಕನನ್ನು ನೋಡಿದ. ಅವಳೂ ಅವನನ್ನು ನೋಡಿದಳು. ಆಮೇಲೆ ಬಾಗಿಲು ಹಾಕಿಕೊಂಡು ಒಳಗೆ ಹೋಗಿ, ಎರಡೂ ಕಿವಿ ಮುಚ್ಚಿ ಗೋಡೆಗೊರಗಿ ಕೂತಳು. ಒಲೆಯ ಮುಂದೆ ಅಮ್ಮ ಮುದ್ದೆ ತೊಳಸುತ್ತಲೇ ಇದ್ದಳು; ತಿರುಗಿ ನೋಡಲಿಲ್ಲ.

ರಜೆ ಮುಗಿಸಿ ಹಳ್ಳಿಗೆ ಬಂದ ದಿನ ಅಜ್ಜಿ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದಳು: “ಸೀನ ಎಂಗವ್ನೆ? ನಿಮ್ಮಪ್ಪಂದು ಏನೇನೋ ಕೇಳ್ತೀನಿ. ಅಲ್ಲಿ ಸರಿ ಇಲ್ಲಾಂದ್ರೆ ಹೇಳು ಮಗಾ. ಅವನನ್ನ ಇಲ್ಲಿಗೆ ಕರ್ಕೊಂಡ್ ಬತ್ತೀನಿ. ನೀನು ದೊಡ್ಡೋಳು, ಒಂದೆರಡು ವರ್ಷ ಅಮ್ಮನ ಜತೇಲಿರು.”

ಹನ್ನೆರಡು ವರ್ಷದ ಹುಡುಗಿಗೆ ಆ ಕ್ಷಣ ಕಂಡದ್ದು ತನ್ನ ಶಾಲೆ, ಚಿತ್ರದ ಮೇಷ್ಟರು ಕೊಟ್ಟಿದ್ದ ಬಣ್ಣದ ಡಬ್ಬಿ, ಅಜ್ಜಿಯ ಮಗ್ಗುಲಿನ ಬಿಸಿ. ಜೊತೆಗೆ ಆ ಗುಂಡಿ.

“ಚೆಂದಾಗವ್ನೆ ಅಜ್ಜಿ” ಎಂದಳು.

ಅಜ್ಜಿ ಮತ್ತೆ ಕೇಳಲಿಲ್ಲ. ಮರುವರ್ಷವೇ ಸೀನ ಶಾಲೆ ಬಿಟ್ಟ. ಮೀಸೆ ಮೂಡುವ ಮುಂಚೆ ಲಾರಿ ಹತ್ತಿ ಓಡಿಹೋದ. ಅಜ್ಜಿ ತೀರಿಕೊಂಡಾಗಲೂ ಬರಲಿಲ್ಲ. ಅಮ್ಮ ತೀರಿಕೊಂಡಾಗ ಬಂದವನು ಮಾತ್ರ, ಯಾರೂ ಹೇಳದೆಯೇ, ಅಪ್ಪನ ಜೊತೆ ಉಳಿದುಬಿಟ್ಟ. ಆಟೋ ಓಡಿಸಿದ, ಚೌಡಮ್ಮನನ್ನು ಮದುವೆಯಾದ, ಅಪ್ಪನಿಗೆ ವಯಸ್ಸಾಗಿ ಗಣಿಯ ಮನೆ ಬಿಡಬೇಕಾದಾಗ ಆಂಡರ್ಸನ್‌ಪೇಟೆಯಲ್ಲಿ ಬಾಡಿಗೆ ಮನೆ ಮಾಡಿ ಇಟ್ಟುಕೊಂಡ. ಮುತ್ಯಾಲಮ್ಮ ಭಾನುವಾರ ಬಾಳೆಹಣ್ಣು ಹಿಡಿದು ಹೋಗುತ್ತಿದ್ದಳು. ಅಪ್ಪ “ಬಂದ್ಯಾ” ಅನ್ನುತ್ತಿದ್ದ. ಅಷ್ಟೇ ಮಾತು. ಅಜ್ಜಿಯ ಮನೆಯಲ್ಲಿದ್ದ ಅಷ್ಟೂ ವರ್ಷ ಅಪ್ಪ ಒಂದು ಸಲವೂ ತನ್ನನ್ನು ನೋಡಲು ಆ ಹಳ್ಳಿಗೆ ಬರಲಿಲ್ಲ ಎಂಬುದು ಅವಳ ಎದೆಯಲ್ಲಿ ಮುಳ್ಳಿನಂತಿತ್ತು. ಗುಡುಗಪ್ಪನ ಕೋರೆಹಲ್ಲು ಅಷ್ಟು ಉದ್ದವಾದದ್ದು ಆ ಮುಳ್ಳಿನಿಂದಲೇ ಇರಬೇಕು.

ಬಂಡೆವೀರನ ಬಾಲ್ಯ ಅಚ್ಚಾಗಿ ಬಂದದ್ದೇ ತಡ, ಮಕ್ಕಳಿಗೆ ಹುಚ್ಚು ಹಿಡಿಯಿತು. ಅದೊಂದು ಆಟವೇ ಆಗಿಹೋಯಿತು. ಒಬ್ಬ ಸೀಮೆಎಣ್ಣೆ ಡಬ್ಬ ಬಡಿಯುವುದು, ಇನ್ನೊಬ್ಬ ಗುಡುಗಪ್ಪನಾಗಿ “ತಲೆ ತಗ್ಸು!” ಎಂದು ಕೂಗುವುದು, ಉಳಿದವರೆಲ್ಲ ದೊಪ್ಪೆಂದು ಬೀಳುವುದು, ಕೊನೆಗೆ ಎದ್ದು ನಿಂತವನೇ ಬಂಡೆವೀರ.

ಒಂದು ಸಂಜೆ ಶಾಲೆ ಬಿಟ್ಟು ಅವಳು ಪೇಟೆಬೀದಿಯಲ್ಲಿ ಬರುತ್ತಿದ್ದಾಗ ಆ ಆಟ ನಡೆದಿತ್ತು. ಅವಳು ನಿಂತು, ನಗುತ್ತಾ ನೋಡಿದಳು. ಡಬ್ಬದ ಸದ್ದು ಬೀದಿಯೆಲ್ಲ ತುಂಬಿತ್ತು. “ತಲೆ ತಗ್ಸು! ತಲೆ ತಗ್ಸ್ಲಾ!”

ಎದುರುಗಡೆ ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದ ಅಪ್ಪನನ್ನು ಅವಳು ನೋಡಿದ್ದು ಅವನ ಗ್ಲಾಸು ಒಡೆದ ಮೇಲೆ. ಮುನಿಸ್ವಾಮಪ್ಪ ಅಂಗಡಿಯ ಮುಂದೆ ಬನ್ನು ಹಿಡಿದು ನಿಂತಿದ್ದ ಒಂದು ಪುಟ್ಟ ಹುಡುಗಿಯನ್ನು ಬಾಚಿ ತಬ್ಬಿಕೊಂಡು ಮೋರಿಯ ಕಲ್ಲಿನ ಮೇಲೆ ಬಿದ್ದ. ಬಿದ್ದವನು ಮಗುವನ್ನು ಮೈಕೆಳಗೆ ಹಾಕಿಕೊಂಡು ಅದರ ತಲೆಯನ್ನು ನೆಲಕ್ಕೆ ಒತ್ತಿ ಹಿಡಿದ. ಮಗು ಚೀರಿತು. ಜನ ಓಡಿಬಂದರು. “ಕುಡ್ದು ಬಂದವ್ನೆ, ಮಗೂನ ಏನ್ ಮಾಡ್ತಾವ್ನೆ ನೋಡ್ರೋ, ಎಳೀರೋ!” ಎಂದು ಯಾರೋ ಕೂಗಿದರು. ಎಳೆದರು. ಅವನು ಬಿಡಲಿಲ್ಲ. ಒಬ್ಬ ಬೆನ್ನಿಗೆ ಗುದ್ದಿದ. ಇನ್ನೊಬ್ಬ ಸೊಂಟಕ್ಕೆ ಒದ್ದ.

ಅವಳು ರಸ್ತೆಯ ಈ ಕಡೆ ನಿಂತೇ ಇದ್ದಳು. “ನಮ್ಮಪ್ಪ, ಬಿಡಿ” ಎಂಬ ಎರಡು ಮಾತು ನಾಲಿಗೆಯ ಮೇಲಿತ್ತು. ಸುತ್ತ ತನ್ನ ಶಾಲೆಯ ಮಕ್ಕಳು, ಅವರ ತಾಯಂದಿರು. ಆ ಎರಡು ಮಾತು ಹೊರಗೆ ಬರುವ ಹೊತ್ತಿಗೆ ಇನ್ನೂ ಎರಡು ಒದೆ ಬಿದ್ದಿದ್ದವು.

ಸೊಂಟದ ಮೂಳೆ ಮುರಿದಿತ್ತು. ಮೋರಿಯ ಕಲ್ಲಿಗೋ, ಕಾಲಿನ ಒದೆತಕ್ಕೋ ಹೇಳಲು ಬರುವುದಿಲ್ಲ ಅಂದರು ಆಸ್ಪತ್ರೆಯಲ್ಲಿ. ಮಗುವಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಸೀನ ಆಟೋ ನಿಲ್ಲಿಸಿ ಓಡಿಬಂದ. ಅಪ್ಪನನ್ನು ಒಳಗೆ ಮಲಗಿಸಿದ ಮೇಲೆ ಅಕ್ಕ ತಮ್ಮ ಇಬ್ಬರೂ ಜಗಲಿಯ ಬೆಂಚಿನಲ್ಲಿ ಕೂತರು. ಸೀನ ಕೇಳಿದ:

“ಅಕ್ಕ, ಆ ಪುಸ್ತಕದಾಗಿರೋ ಹುಡುಗ ನಾನೇ ತಾನೆ?”

ಅವನಿಗೆ ಓದು ಅಷ್ಟಾಗಿ ಬರುವುದಿಲ್ಲ, ಅವನ ಕಣ್ಣಿಗೆ ಅದು ಬೀಳುವುದಿಲ್ಲ ಎಂದೇ ಅಂದುಕೊಂಡಿದ್ದಳು.

“ನನ್ ಆಟೋದಾಗೆ ಇಸ್ಕೂಲ್ ಮಕ್ಳು ಗಟ್ಯಾಗಿ ಓದ್ಕೊಂಡ್ ಬತ್ತಾರೆ. ಗುಂಡಿ, ಮಣ್ಣು, ಹಸ್ರು ಕೋಟು, ಎಲ್ಲಾ. ಅವತ್ತು ಗಾಡಿ ನಿಲ್ಲಿಸ್ಬುಟ್ಟೆ. ಏನಾಯ್ತಣ್ಣ ಅಂದ್ವು. ಪೆಟ್ರೋಲು ಖಾಲಿ ಅಂದೆ.”

“ನಾನು ಕಂಡಿದ್ದನ್ನೇ ಬರೆದೆ ಕಣೋ ಸೀನ.”

“ಒಂದ್ಸಲ ಕಂಡೆ. ಕಂಡು ಬಾಗ್ಲಾಕ್ಕಂಡೆ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಅವಳಿಗೆ ಇನ್ನೂ ಕಷ್ಟವಾಯಿತು. “ಒಡೀತಿದ್ದ. ಇಲ್ಲಾಂತ ನಾನ್ಯಾಕೆ ಅನ್ಲಿ? ಈ ಕಡೆ ಕಿವಿ ಈಗ್ಲೂ ಸರಿಯಾಗಿ ಕೇಳ್ಸಲ್ಲ ನಂಗೆ. ಆದ್ರೆ ನೆಲ ನಿಂತ್ಮೇಲೆ ಏನ್ ಮಾಡ್ತಿದ್ದ ಅಂತ ಬರ್ದಿದ್ದೀಯಾ? ಎತ್ತಿ ತೊಡೆ ಮೇಲೆ ಕೂರಿಸ್ಕೊಂಡು ಮೈಯೆಲ್ಲಾ ತಡವಿ ನೋಡ್ತಿದ್ದ, ಎಲ್ಲಿ ಗುಂಡು ಬಿದ್ದೈತೋ ಅಂತ. ಬೆರಳಾಕಿ ಬಾಯಾಗಿನ ಮಣ್ಣು ತೆಗೀತಿದ್ದ. ‘ಬದುಕ್ದೆ ಬಚ್ಚಾ, ಬದುಕ್ದೆ ಕಣ್ಲಾ’ ಅಂತ ಗೊಳೋ ಅಂತ ಅಳ್ತಿದ್ದ. ಮಿಲಿಟ್ರಿ ಮಾತ್ನಾಗೆ ಮಗೂಗೆ ಬಚ್ಚಾ ಅಂತಾರಲ್ಲ, ಅಂಗೆ. ನಾನೇ ಅವನ ಕಣ್ಣು ಒರೆಸ್ಬೇಕಾಗಿತ್ತು. ಅದು ಏಟಿಗಿಂತ ಕಷ್ಟ ಅಕ್ಕ. ಅವನನ್ನ ಬುಟ್ಟು ಓಡೋಗಿದ್ದೂ ಅದಕ್ಕೇ, ವಾಪಸ್ ಬಂದಿದ್ದೂ ಅದಕ್ಕೇ.”

ಅವಳು ಹೇಳಬೇಕಾದದ್ದು ಇನ್ನೊಂದಿತ್ತು, ಅಜ್ಜಿ ಕೇಳಿದ ಮಾತು; ಅದನ್ನು ಅವತ್ತು ಹೇಳಲಿಲ್ಲ.

ಮರುವಾರ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಶ್ರೀನಿವಾಸಪ್ಪನವರ ಮುಂದೆ ಕೂತಳು. ಗುಡುಗಪ್ಪನ ಕತೆ ತಿದ್ದಬೇಕು ಎಂದಳು. ನೆಲ ನಿಂತ ಮೇಲೆ ಅವನು ಮಗನನ್ನು ತಬ್ಬಿಕೊಂಡು ಅಳುತ್ತಾನೆ, ಅವನಿಗೂ ಒಂದು ಭಯ ಇದೆ, ಅದನ್ನು ಬರೆಯುತ್ತೇನೆ. ಶ್ರೀನಿವಾಸಪ್ಪನವರು ಕೆಟ್ಟ ಮನುಷ್ಯರಲ್ಲ. ಕಾಫಿ ತರಿಸಿ ಸಮಾಧಾನವಾಗಿ ಕೇಳಿಸಿಕೊಂಡರು.

“ರಾಕ್ಷಸ ಅಳೋಕೆ ಕೂತರೆ ಕತೆ ಎಲ್ಲಿ ಉಳೀತಮ್ಮ? ಮಕ್ಕಳಿಗೆ ಗೊಂದಲ ಆಗುತ್ತೆ.”

“ಹಾಗಾದರೆ ನಿಲ್ಲಿಸಿಬಿಡಿ ಸಾರ್.”

“ಬಂಡೆವೀರ ಈಗ ನಿಮ್ಮೊಬ್ಬರವನಲ್ಲ” ಎಂದರು ಅವರು. ಅವಳು ಬರೆಯುವುದು ನಿಲ್ಲಿಸಿದಳು. ಒಂದು ತಿಂಗಳೂ ತಪ್ಪದೆ ಬೇರೆ ಯಾರೋ ಬರೆದರು. ಹೊಸಬನ ಕೈಯಲ್ಲಿ ಗುಡುಗಪ್ಪನ ಬಾಯಿಂದ ಬೆಂಕಿಯೂ ಬರತೊಡಗಿತು. ಬೀದಿಯಲ್ಲಿ ಡಬ್ಬ ಬಡಿಯುವುದು ನಿಲ್ಲಲಿಲ್ಲ.

ಅಪ್ಪ ಮನೆಗೆ ಬಂದ. ಮಂಚದಿಂದ ಏಳುವಂತಿರಲಿಲ್ಲ. ಮುತ್ಯಾಲಮ್ಮ ಈಗ ದಿನಾ ಶಾಲೆ ಬಿಟ್ಟ ಮೇಲೆ ಹೋಗಿ, ಮೈ ಒರೆಸಿ, ಮಗ್ಗುಲು ತಿರುಗಿಸಿ, ಗಂಜಿ ಕುಡಿಸಿ ಬರುತ್ತಿದ್ದಳು. “ಅಷ್ಟು ಬಿಗಿಯಾಗಿ ಒರೆಸಬ್ಯಾಡ ಅತ್ತಿಗೆ, ಚರ್ಮ ಕಿತ್ತು ಬತ್ತೈತೆ” ಅನ್ನುತ್ತಿದ್ದಳು ಚೌಡಮ್ಮ. ಒಂದು ಸಂಜೆ ಚೌಡಮ್ಮ ಕೈಗೂಸನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಹೋಗಿದ್ದಾಗ, ಅವಳು ಚೀಲದಿಂದ ಪತ್ರಿಕೆ ತೆಗೆದು ಅಪ್ಪನ ಎದೆಯ ಮೇಲೆ ಇಟ್ಟಳು.

“ಅಪ್ಪ, ಇದು ನಾನು ಬರೆದದ್ದು. ಮಕ್ಕಳು ಅವತ್ತು ಕೂಗ್ತಾ ಇದ್ದದ್ದು ಇದನ್ನೇ.”

ಮುನಿಸ್ವಾಮಪ್ಪ ಕನ್ನಡಕ ಕೇಳಿ ಹಾಕಿಕೊಂಡ. ಒಂದೊಂದು ಚಿತ್ರದ ಮೇಲೂ ಬೆರಳಿಟ್ಟು, ಮಗ್ಗಿ ಒಪ್ಪಿಸುವವನಂತೆ ತುಟಿ ಅಲ್ಲಾಡಿಸುತ್ತಾ ನಿಧಾನವಾಗಿ ನೋಡಿದ. ಗುಂಡಿಯ ಚಿತ್ರ ಬಂದಾಗ ನಿಂತ.

“ಮಣ್ಣು ಈ ಕಡೀಕೆ ಆಕ್ಬಾರ್ದು. ಮುಂದ್ಕಡೀಕೆ ಆಕ್ಬೇಕು. ಗುಂಡು ಬರೋ ಕಡೀಕೆ.”

ಆಮೇಲೆ ಗುಡುಗಪ್ಪನ ಮುಖದ ಮೇಲೆ ಬೆರಳಿಟ್ಟ. “ಇವನು ನಾನಾ?”

“ಹೂಂ ಅಪ್ಪ.”

“ಸೀನಂಗೆ ನಾನು ಇಂಗೆ ಕಾಣ್ತಿದ್ನಾ?”

“ಸೀನನಿಗಲ್ಲ. ನನಗೆ” ಎಂದಳು. ಅಳಬಾರದು ಅಂದುಕೊಂಡರೂ ದನಿ ಒಡೆಯಿತು. “ಅವನನ್ನ ನಾನು ಕೇಳೇ ಇಲ್ಲ ಅಪ್ಪ. ನಿನ್ನನ್ನೂ ಕೇಳ್ಲಿಲ್ಲ.”

ಅಪ್ಪ ಕನ್ನಡಕ ತೆಗೆದ. ಸೂರು ನೋಡುತ್ತಾ, ಬೇರೆ ಯಾರದೋ ಸುದ್ದಿ ಹೇಳುವವನಂತೆ ಹೇಳಿದ. ಗಡಿಯಾಚೆ ಒಂದು ಕಾಲುವೆ ಏರಿ. ಏರಿಯ ಹಿಂದೆ ಇವರು ಸಾಲಾಗಿ ಮಲಗಿದ್ದರು. ಆಚೆ ದಡದಿಂದ ಮೆಷಿನ್ ಗನ್ನು ಏರಿಯನ್ನೇ ಕಾಯುತ್ತಿದೆ, ಯಾರೂ ತಲೆ ಎತ್ತಬಾರದು ಎಂದು ಒಬ್ಬರಿಂದ ಒಬ್ಬರಿಗೆ ಹೇಳಿ ಕಳಿಸಿದರು. ಅದು ಮುನಿಸ್ವಾಮಪ್ಪನವರೆಗೆ ಬಂತು. ಅವನು ಹೇಳಬೇಕಾಗಿದ್ದದ್ದು ಪಕ್ಕದವನಿಗೆ. ಪಕ್ಕದವನು ಬಚ್ಚಪ್ಪ, ಬಂಗಾರಪೇಟೆ ಕಡೆಯ ಹುಡುಗ, ಅಕ್ಕಯ್ಯಮ್ಮನ ಹಳ್ಳಿಗೆ ಮಗ್ಗುಲ ಹಳ್ಳಿಯವನು.

“ನಿದ್ದೆ ಮಾಡ್ತಿದ್ದ. ಎರಡು ದಿನ ಆಗಿತ್ತು ಅವ್ನು ಕಣ್ ಮುಚ್ಚಿ. ಎದ್ದಾಗ ಹೇಳಾನ ಅಂದ್ಕೊಂಡೆ. ನಂಗೂ ಜೋಂಪು ಅತ್ತುಬುಡ್ತು. ಅವ್ನು ಎದ್ದು, ನೀರು ಎಲ್ಲಣ್ಣ ಅಂತ ತಲೆ ಎತ್ತಿ ನೋಡ್ದ.” ಅಪ್ಪ ನಿಲ್ಲಿಸಿದ. “ಎರಡೇ ಮಾತು ಕಣಮ್ಮ. ಎರಡು ಮಾತು ಹೇಳ್ಲಿಲ್ಲ ನಾನು. ನಿಮ್ಮಜ್ಜಿ ಊರಿಗೆ ಬರಬೇಕಂದ್ರೆ ಅವರೂರ ಮೇಲೇ ಬರ್ಬೇಕು. ಎಂಗೆ ಬರ್ಲಿ?”

ಮುತ್ಯಾಲಮ್ಮನಿಗೆ ಎರಡು ವಿಷಯ ಒಟ್ಟಿಗೆ ತಿಳಿದವು. ಅಪ್ಪ ಆ ವರ್ಷಗಳಲ್ಲಿ ತನ್ನನ್ನು ನೋಡಲು ಯಾಕೆ ಬರಲಿಲ್ಲ ಎಂಬುದು ಒಂದು. ಗುಂಡಿಯಲ್ಲಿ ಕೂತು ಅವನು ಅಳುತ್ತಾ ಕರೆಯುತ್ತಿದ್ದ ‘ಬಚ್ಚಾ’ ಯಾರು ಎಂಬುದು ಇನ್ನೊಂದು. ಸೀನ ಇಷ್ಟು ವರ್ಷ ಆ ಒಂದು ಮಾತನ್ನು ತನ್ನದೆಂದು ಎದೆಯಲ್ಲಿಟ್ಟುಕೊಂಡಿದ್ದ. ಅದನ್ನು ಅವನಿಗೆ ಹೇಳಬಾರದು ಎಂದುಕೊಂಡಳು. ಅದರ ಬದಲು ತನ್ನದನ್ನು ಹೇಳಿಬಿಡಬೇಕು ಎನ್ನಿಸಿತು.

ಆ ಸಂಜೆ ಅವನು ಅವಳನ್ನು ಮನೆಗೆ ಬಿಡಲು ಬಂದಾಗ, ಆಟೋದ ಹಿಂದಿನ ಸೀಟಿನಲ್ಲಿ ಕೂತು ಹೇಳಿದಳು. ಅಜ್ಜಿ ಏನು ಕೇಳಿದ್ದಳು, ತಾನು ಏನೆಂದೆ, ಯಾಕೆ ಹಾಗೆಂದೆ. ಮುಖ ನೋಡುವಂತಿಲ್ಲದ್ದರಿಂದ ಹೇಳಲು ಆಯಿತು. ಸೀನ ಆಟೋ ಪಕ್ಕಕ್ಕೆ ಹಾಕಿ ಎಂಜಿನ್ನು ಆರಿಸಿದ.

“ಅಜ್ಜಿ ಕೇಳಿದ್ಲಾ ನಿಜವಾಗ್ಲೂ?”

“ಕೇಳಿದ್ಲು.”

“ಕರ್ಕೊಂಡ್ ಬತ್ತೀನಿ ಅಂದ್ಲಾ?”

“ಅಂದ್ಲು ಸೀನ.”

“ಯಾರೂ ಕೇಳ್ಲೇ ಇಲ್ಲ ಅಂತಿದ್ದೆ ಇಷ್ಟು ದಿನ” ಎಂದ ಅವನು, ತನಗೆ ತಾನೇ. “ಅವಳು ಸತ್ತಾಗ ಮಣ್ಣಿಗೂ ಬರ್ಲಿಲ್ಲ ನಾನು. ಒಬ್ಬಳಾದ್ರೂ ಕೇಳ್ಲಿಲ್ವಲ್ಲ ಅನ್ನೋ ಸಿಟ್ಟಿಗೆ.”

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ, ಹೋಗಲಿ ಬಿಡು ಅಂತಲೂ ಅನ್ನಲಿಲ್ಲ. ಅವಳನ್ನು ಬಾಗಿಲಲ್ಲಿ ಇಳಿಸಿ ಹೋದ. ಮುಂದೆ ಬಹಳ ದಿನ ಅವಳು ಮನೆಗೆ ಹೋದರೆ ಅವನು ಎದ್ದು ಹೊರಗೆ ಹೋಗುತ್ತಿದ್ದ.

ಬಚ್ಚಪ್ಪನ ಊರಿಗೆ ಹೋಗಬೇಕು ಎಂದು ಅಪ್ಪನೇ ಕೇಳಿದ. ಕೋಲು ಊರಿಕೊಂಡು ನಾಲ್ಕು ಹೆಜ್ಜೆ ಹಾಕುವಂತಾದ ಮೇಲೆ, ಒಂದು ಬೆಳಗ್ಗೆ ಆ ಹಸಿರು ಕೋಟು ಹಾಕಿಕೊಂಡು ಮಂಚದ ಮೇಲೆ ಕೂತಿದ್ದ. ಸೀನ ಯಾಕೆ ಏನು ಅನ್ನದೆ ಆಟೋ ತಂದ. ಅಪ್ಪನ ಪಕ್ಕ ಮುತ್ಯಾಲಮ್ಮ ಕೂತಳು. ಬಂಗಾರಪೇಟೆ ದಾಟಿ, ಹುಣಸೆ ಮರಗಳ ರಸ್ತೆಯಲ್ಲಿ ಕೇಳಿಕೊಂಡು ಹೋದರು.

ಬಚ್ಚಪ್ಪನ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿದ್ದವಳು ತಂಗಿ ಪಾಪಕ್ಕ. ಸೀಮೆಹಸುವಿಗೆ ಮೇವು ಹಾಕುತ್ತಿದ್ದವಳು, ಆಟೋ ಕಂಡು ಕೈ ಒರೆಸಿಕೊಂಡು ಬಂದಳು. ಹಸು ಕೊಳ್ಳಲು ಬಂದವರು ಅಂದುಕೊಂಡಳು. ಮುನಿಸ್ವಾಮಪ್ಪ ಇಳಿಯಲು ಹೋಗಿ ಆಗದೆ, ಆಟೋದಲ್ಲೇ ಕೂತು ಕೈಮುಗಿದ.

“ನಿಮ್ಮಣ್ಣನ ಪಟಾಲಮ್ಮು ತಾಯಿ ನಂದೂ. ಜತೇಲಿದ್ದೆ.”

ಪಾಪಕ್ಕ ಅವನ ಕೋಟು ನೋಡಿದಳು, ಮುಖ ನೋಡಿದಳು. ಒಳಗೆ ಹೋಗಿ ಮಜ್ಜಿಗೆ ತಂದಳು. “ನಮ್ಮಮ್ಮ ಕಾಯ್ತಿದ್ಳು” ಎಂದಳು. “ಬಚ್ಚನ ಜತೆ ಇದ್ದೋರು ಯಾರಾದ್ರೂ ಒಬ್ರು ಬಂದು ಹೇಳ್ತಾರೆ, ಎಂಗಾಯ್ತು ಅಂತ ಹೇಳ್ತಾರೆ ಅಂತ. ಬಸ್ಸು ಬಂದಾಗೆಲ್ಲಾ ಆಚೆ ಬಂದು ನಿಂತ್ಕಳೋಳು. ಬಚ್ಚಾ, ಬಚ್ಚಾ ಅಂತಾನೇ ಪ್ರಾಣ ಬುಟ್ಳು.”

ಸೀನ ಮುಂದಿನ ಸೀಟಿನಲ್ಲಿ ಮಜ್ಜಿಗೆ ಲೋಟ ಹಿಡಿದವನು ಕುಡಿಯದೆ ಹಾಗೇ ಕೂತುಬಿಟ್ಟದ್ದನ್ನು ಮುತ್ಯಾಲಮ್ಮ ಹಿಂದಿನಿಂದ ನೋಡಿದಳು.

“ಎಲ್ಲಾರೂ ಅವನನ್ನ ಅಂಗೇ ಕೂಗ್ತಿದ್ರಾ ಅಕ್ಕಯ್ಯ?” ಎಂದು ಕೇಳಿದ.

“ಊರಿಗೆಲ್ಲಾ ಅವ್ನು ಬಚ್ಚಾನೇ.”

ಅಪ್ಪ ಬಾಯಿ ತೆರೆದ. ಕಾಲುವೆ ಏರಿಯ ಮಾತು ಬರುತ್ತದೆ ಎಂದು ಮುತ್ಯಾಲಮ್ಮ ಕಾದಳು. “ಒಳ್ಳೆ ಹುಡುಗ ತಾಯಿ” ಎಂದ, ಅಷ್ಟೆ. ಉಳಿದದ್ದು ಬರಲಿಲ್ಲ. ಪಾಪಕ್ಕ ಕೇಳಲೂ ಇಲ್ಲ. ಹೊರಡುವಾಗ ಒಂದು ಚೀಲ ಹುಣಸೆಹಣ್ಣು ಆಟೋದಲ್ಲಿಟ್ಟು, “ತಡವಾದ್ರೂ ಬಂದ್ರಲ್ಲ” ಎಂದಳು. ಅದು ಅಪ್ಪನನ್ನು ಇರಿದದ್ದು ಅವಳಿಗೆ ತಿಳಿದಿರಲಾರದು.

ವಾಪಸು ಬರುವಾಗ ಅಪ್ಪ ಮಗಳ ಹೆಗಲಿಗೊರಗಿ ನಿದ್ದೆಹೋದ. ಬಂಗಾರಪೇಟೆಯ ರೈಲ್ವೆ ಗೇಟು ಹಾಕಿತ್ತು. ಮಾರಿಕುಪ್ಪಂ ಗಾಡಿ ಹೋಗಬೇಕಿತ್ತು. ಸೀನ ಹಿಂದೆ ತಿರುಗದೆ ಕೇಳಿದ:

“ನಿಂಗೆ ಗೊತ್ತಿತ್ತಾ? ಬಚ್ಚಾ ಅಂದ್ರೆ ಅವ್ನು ಅಂತ?”

“ಗೊತ್ತಿತ್ತು.”

“ಹೇಳ್ಲಿಲ್ಲ.”

“ಹೇಳ್ಲಿಲ್ಲ.”

ರೈಲು ಸದ್ದು ಮಾಡುತ್ತಾ ಹೋಯಿತು. ಗೇಟು ಎದ್ದ ಮೇಲೂ ಅವನು ಆಟೋ ಚಾಲೂ ಮಾಡಲಿಲ್ಲ. ಹಿಂದಿನ ಲಾರಿಯವನು ಹಾರ್ನು ಒತ್ತಿದ. “ಇರ್ಲಿ ಬುಡು” ಎಂದ ಸೀನ ಕೊನೆಗೆ. “ಹೆಸರು ಅವಂದಾದ್ರೂ, ಮಣ್ಣು ತೆಗ್ದಿದ್ದು ನನ್ ಬಾಯಿಂದ್ಲೇ ತಾನೆ?”

ಮುನಿಸ್ವಾಮಪ್ಪ ಮರುವರ್ಷದ ಚಳಿಗಾಲದಲ್ಲಿ ತೀರಿಕೊಂಡ. ಮುತ್ಯಾಲಮ್ಮ ಕತೆಗೆ ಮತ್ತೆ ಚಿತ್ರ ಬರೆಯಲಿಲ್ಲ; ಕೂತರೂ ಯಾರ ಮುಖ ಬರೆದರೂ ಅದು ಯಾರದೋ ಅನ್ನಿಸಿ ಕೈ ನಿಲ್ಲುತ್ತಿತ್ತು. ಶಾಲೆಯಲ್ಲಿ ಹೂವು, ಹಣ್ಣು, ಬೆಟ್ಟ ಕಲಿಸಿದಳು. ಸೀನ ನಿಧಾನವಾಗಿ ಮಾತಿಗೆ ಬಂದ. ಹಬ್ಬಕ್ಕೆ ಕರೆಯುತ್ತಿದ್ದ, ಹುಷಾರಿಲ್ಲ ಅಂದರೆ ಬಂದು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಅಜ್ಜಿಯ ಮಾತು ಮಾತ್ರ ಇಬ್ಬರ ನಡುವೆ ಮತ್ತೆ ಬರಲಿಲ್ಲ.

ಆ ಮಾಸಪತ್ರಿಕೆ ನಿಂತುಹೋಗಿ ಎಷ್ಟೋ ದಿನವಾಗಿತ್ತು. ತೊಂಬತ್ತೆಂಟರಲ್ಲಿ ಒಂದು ಭಾನುವಾರ ಅವಳು ಹೋದಾಗ ಸೀನನ ಮಗಳು ಉಮಾಮಹೇಶ್ವರಿ ಹೊಸ್ತಿಲ ಮೇಲೆ ಕೂತು ಹಳೆಯ ಬಂಡೆವೀರನನ್ನು ಓದುತ್ತಿದ್ದಳು. ಯಾರೋ ಗೆಳತಿಯ ಮನೆಯಿಂದ ತಂದಿದ್ದಂತೆ. ಹುಡುಗಿಗೆ ಒಂಬತ್ತು ವರ್ಷ. ತಾತ ಸತ್ತಾಗ ಅವಳಿನ್ನೂ ತೊದಲುವ ಕೂಸು. ಅವನ ಮುಖದ ನೆನಪೂ ಅವಳಿಗಿರಲಿಲ್ಲ.

“ಅತ್ತೆ, ಇದು ನಮ್ಮ ತಾತನಂತೆ ಹೌದಾ? ಅಪ್ಪನ್ನ ಕೇಳಿದ್ರೆ ನಿಮ್ಮತ್ತೆನ್ನ ಕೇಳು ಅಂತು.”

ಮುತ್ಯಾಲಮ್ಮ ಅವಳ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತಳು. ಒಳಗೆ ಸೀನ ಕೂತಿರುವುದು ಕಾಣುತ್ತಿತ್ತು. ಅವನು ಎದ್ದು ಹೊರಗೆ ಹೋಗಲಿಲ್ಲ. ಅವಳು ಹೇಳಿದಳು. ತಾತ ಹೊಡೆಯುತ್ತಿದ್ದದ್ದು ಹೇಳಿದಳು, ಅತ್ತದ್ದು ಹೇಳಿದಳು, ಬಚ್ಚಪ್ಪನ ಸುದ್ದಿ ಹೇಳಿದಳು, ಟೀ ಅಂಗಡಿಯ ಮುಂದೆ ಒಂದು ಮಗುವನ್ನು ತಬ್ಬಿಕೊಂಡು ಬಿದ್ದು ಒದೆ ತಿಂದದ್ದನ್ನು ಹೇಳಿದಳು. ಹುಡುಗಿ ಕಣ್ಣು ಮಿಟುಕಿಸದೆ ಕೇಳಿದಳು. ಆ ಗುಂಡಿಯ ಚಿತ್ರದ ಮೇಲೆ ಬೆರಳಿಟ್ಟು ಕೇಳಿದಳು:

“ಆವಾಗ ನೀನೆಲ್ಲಿದ್ದೆ ಅತ್ತೆ?”

“ಬಂಗಾರಪೇಟೆ ಹತ್ರ, ನಮ್ಮಜ್ಜಿ ಮನೇಲಿದ್ದೆ” ಎಂದಳು ಮುತ್ಯಾಲಮ್ಮ. “ಬಣ್ಣ ಹಚ್ತಾ ಕೂತಿದ್ದೆ ಕಣೆ. ನನಗೇನೂ ಆಗಿರಲಿಲ್ಲ.”